ಆಟದಲ್ಲಿ ದಂಡ: ಕ್ಷಮಿಸುವ ಅಧಿಕಾರ ಯಾರಿಗೆ?

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಗಾಲ್ಫ್ ಮೈದಾನವಿಲ್ಲ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯೂ ಆ ಆಟವನ್ನು ದೂರದರ್ಶನದಲ್ಲಿ ಕಂಡವರುಂಟೇ ಹೊರತು ಆಡಿದವರು ವಿರಳ. ಇಲ್ಲಿಯ ಮಕ್ಕಳಿಗೆ ಪರಿಚಿತವಾದವು ಚಿನ್ನಿದಾಂಡು, ಗೋಲಿ, ಲಗೋರಿ. ಚಿನ್ನಿದಾಂಡಿನಲ್ಲಿ ಚಿನ್ನಿ ಹಾರಿ ಬಿದ್ದ ದೂರವನ್ನು ಹೊಡೆದವನೇ ಅಂದಾಜಿನಿಂದ ಹೇಳುವ, ಎದುರಾಳಿ ಒಪ್ಪದಿದ್ದರೆ ದಾಂಡಿನಿಂದ ಅಳೆದು ನೋಡುವ ಪದ್ಧತಿ ಅನೇಕ ಊರುಗಳಲ್ಲಿದೆ. ಅಳತೆಯಲ್ಲಿ ಕಡಿಮೆ ಬಂದರೆ ಹೊಡೆದವನ ಆಟ ಅಲ್ಲಿಗೆ ಮುಗಿಯಿತು. ಅಂಪೈರ್ ಇಲ್ಲದ ಆ ಆಟದಲ್ಲಿ ಹುಡುಗನ ಬಾಯಿಮಾತೇ ಮೊದಲ ಲೆಕ್ಕ. ಗಾಲ್ಫ್ ಎಂಬ ದೊಡ್ಡವರ ಆಟದಲ್ಲಿಯೂ ವ್ಯವಸ್ಥೆ ಹೆಚ್ಚುಕಡಿಮೆ ಇದೇ ಆಗಿರುವುದು ಕುತೂಹಲದ ಸಂಗತಿ. ಅಲ್ಲಿ ಅಳೆಯುವ ಎದುರಾಳಿಯೂ ಅನೇಕ ವೇಳೆ ನೂರಾರು ಗಜ ದೂರದಲ್ಲಿರುತ್ತಾನೆ.

ಕರ್ನಾಟಕಕ್ಕೆ ಈ ಆಟ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರಿನ ಗಾಲ್ಫ್ ಕ್ಲಬ್ ಇದೆ. ನೆರೆಯ ಕೊಡಗಿನಲ್ಲಿ ವಿರಾಜಪೇಟೆಯ ಸಮೀಪದ ಬಿಟ್ಟಂಗಾಲದಲ್ಲಿ ಮೈದಾನವಿದೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ನಾಲ್ಕನೆಯ ಸ್ಥಾನ ಪಡೆದ ಮೇಲೆ ಈ ಆಟದ ಹೆಸರು ಹಳ್ಳಿಯ ಪತ್ರಿಕೆ ಓದುವವರಿಗೂ ತಲುಪಿತು. ವ್ಯಾಪಾರಕ್ಕೋ ಉದ್ಯೋಗಕ್ಕೋ ನಗರ ಸೇರಿದ ಮನೆಗಳ ಮಕ್ಕಳು ಭಾನುವಾರ ಬೆಳಿಗ್ಗೆ ಸ್ನೇಹಿತರೊಡನೆ ಗಾಲ್ಫ್ ಆಡಲು ಹೋಗುವುದು ಈಗ ಅಪರೂಪವಾಗಿ ಉಳಿದಿಲ್ಲ. ಹಾಗೆ ಹೋದವರ ಮುಂದೆ ಎಂದಾದರೊಂದು ದಿನ ಬಂದು ನಿಲ್ಲುವ ಪ್ರಶ್ನೆಯೊಂದು ವಿಚಾರಾರ್ಹವಾಗಿದೆ.

ನಾಲ್ವರು ಗೆಳೆಯರು ಆಡುತ್ತಿದ್ದಾರೆಂದು ಭಾವಿಸಬೇಕು. ಬಹುಮಾನವಿಲ್ಲ, ಪಣವಿಲ್ಲ. (ಪಣವಿಟ್ಟು ಆಡಿದರೆ ಅದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೇ ಆಯಿತು, ಅದರ ಚರ್ಚೆಗೆ ಇಲ್ಲಿ ಅವಕಾಶವಿಲ್ಲ.) ಒಬ್ಬನ ಚೆಂಡು ದಾರಿ ತಪ್ಪಿ ಲಂಟಾನದ ಪೊದೆಯ ಬುಡದಲ್ಲಿ ಸಿಕ್ಕಿಕೊಂಡಿತು. ಕೋಲು ಬೀಸಲು ಜಾಗವಿಲ್ಲ. ಉಳಿದ ಮೂವರು, "ಹೋಗಲಿ ಬಿಡಿ, ಎತ್ತಿ ಈಚೆ ಇಟ್ಟುಕೊಂಡು ಹೊಡೆಯಿರಿ, ಲೆಕ್ಕಕ್ಕೆ ಹಿಡಿಯುವುದು ಬೇಡ" ಎನ್ನುತ್ತಾರೆ. ಮಾತು ಸ್ನೇಹದ್ದು. ಒಪ್ಪಿಕೊಂಡರೆ ಯಾರಿಗೂ ನಷ್ಟ ಕಾಣುವುದಿಲ್ಲ. ಒಪ್ಪಬಹುದೇ?

ಉತ್ತರಕ್ಕೆ ಮೊದಲು ಇಂತಹ ಚೆಂಡಿನ ಬಗ್ಗೆ ನಿಯಮ ಏನು ಹೇಳುತ್ತದೆಂಬುದನ್ನು ತಿಳಿಯಬೇಕು. ಗಾಲ್ಫಿನ ಮೂಲಸೂತ್ರ ಚೆಂಡು ಬಿದ್ದ ಕಡೆಯಿಂದಲೇ ಅದನ್ನು ಹೊಡೆಯಬೇಕೆಂಬುದು. ಆದರೆ ಹೊಡೆಯಲಾಗದಂತಹ ಜಾಗದಲ್ಲಿ ಚೆಂಡು ಬೀಳುವುದುಂಟು. ಆಗ ಆಟಗಾರನು ಅದನ್ನು ಆಡಲಾಗದ ಚೆಂಡೆಂದು ಸಾರಿ ಒಂದು ಹೊಡೆತವನ್ನು ದಂಡವಾಗಿ ತನ್ನ ಲೆಕ್ಕಕ್ಕೆ ಸೇರಿಸಿಕೊಂಡು ಬಿಡುಗಡೆ ಪಡೆಯಬಹುದು. ಮಾರ್ಗಗಳು ಮೂರು. ಹಿಂದಿನ ಹೊಡೆತ ಹೊಡೆದ ಜಾಗಕ್ಕೇ ಮರಳಿ ಅಲ್ಲಿಂದ ಮತ್ತೆ ಆಡುವುದು ಒಂದು. ಕುಳಿಯಿಂದ ಚೆಂಡಿನ ಜಾಗದ ಮೂಲಕ ಒಂದು ನೇರ ಗೆರೆ ಎಳೆದಂತೆ ಭಾವಿಸಿ, ಆ ಗೆರೆಯ ಮೇಲೆ ಬೇಕಾದಷ್ಟು ಹಿಂದಕ್ಕೆ ಸರಿದು ಆಡುವುದು ಇನ್ನೊಂದು. ಚೆಂಡಿದ್ದ ಜಾಗದಿಂದ ಎರಡು ಕೋಲಿನ ಅಳತೆಯೊಳಗೆ, ಕುಳಿಗೆ ಹತ್ತಿರವಾಗದಂತೆ, ಚೆಂಡನ್ನು ಬೀಳಿಸಿ ಆಡುವುದು ಮೂರನೆಯದು. ಬೀಳಿಸುವಾಗ ಮೊಣಕಾಲಿನ ಎತ್ತರದಿಂದ ಬಿಡಬೇಕು. 2019ರ ಪರಿಷ್ಕರಣೆಗೆ ಮೊದಲು ಭುಜದ ಎತ್ತರದಿಂದ ಬಿಡುವ ಕ್ರಮವಿತ್ತು. ಚೆಂಡು ಮರಳುಗುಂಡಿಯಲ್ಲಿದ್ದರೆ ಎರಡನೆಯ ಮತ್ತು ಮೂರನೆಯ ಮಾರ್ಗಗಳಲ್ಲಿ ಗುಂಡಿಯೊಳಗೇ ಬೀಳಿಸಬೇಕು. ಆ ಗೆರೆಯ ಮೇಲೆಯೇ ಗುಂಡಿಯ ಹೊರಗೆ ಬರಬೇಕೆಂದರೆ ಒಂದರ ಬದಲು ಎರಡು ಹೊಡೆತ ತೆರಬೇಕು. ನೀರಿನ ಹೊಂಡ ಮೊದಲಾಗಿ ಕೆಂಪು ಅಥವಾ ಹಳದಿ ಗುರುತು ಹಾಕಿದ ದಂಡಪ್ರದೇಶಕ್ಕೆ ಈ ನಿಯಮ ಅನ್ವಯಿಸದು. ಅದಕ್ಕೆ ಬೇರೆ ಕ್ರಮವಿದೆ.

ಈ ನಿಯಮದಲ್ಲಿ ಎರಡು ವಿಶೇಷಗಳಿವೆ. ಚೆಂಡು ಆಡಲಾಗದ್ದೆಂದು ತೀರ್ಮಾನಿಸುವ ಅಧಿಕಾರ ಆಟಗಾರನೊಬ್ಬನದೇ. ಜೊತೆಯವರಾಗಲಿ ಕ್ಲಬ್ಬಿನ ಸಮಿತಿಯಾಗಲಿ "ಇದನ್ನು ಹೊಡೆಯಬಹುದಿತ್ತಲ್ಲ" ಎಂದು ಆಕ್ಷೇಪಿಸುವಂತಿಲ್ಲ. ಹುಲ್ಲಿನ ಮೇಲೆ ನಿಚ್ಚಳವಾಗಿ ಕುಳಿತ ಚೆಂಡನ್ನೂ ಅವನು ಹಾಗೆ ಸಾರಬಹುದು. ದಂಡ ತೆರುವವನು ತಾನೇ ಆಗಿರುವುದರಿಂದ ಯಾರಿಗೂ ಅಡ್ಡಿಯಿಲ್ಲ. ಎರಡನೆಯದು, ದಂಡ ತೆತ್ತ ಮಾತ್ರಕ್ಕೆ ಒಳ್ಳೆಯ ಜಾಗ ಸಿಗುತ್ತದೆಂಬ ಖಾತರಿಯಿಲ್ಲ. ಪೊದೆ ದೊಡ್ಡದಾಗಿದ್ದು ಎರಡು ಕೋಲಿನಷ್ಟು ಸರಿದರೂ ಚೆಂಡು ಪೊದೆಯೊಳಗೇ ಉರುಳಿದರೆ ಮತ್ತೊಂದು ದಂಡ ತೆರಬೇಕು. ವ್ಯಾಪಾರ ಬಲ್ಲವರಿಗೆ ಇದು ಅಪರಿಚಿತವಲ್ಲ. ಬಾರದ ಬಾಕಿಯನ್ನು ನಷ್ಟದ ಲೆಕ್ಕಕ್ಕೆ ಬರೆದು ಖಾತೆ ಮುಗಿಸುವ ಅಧಿಕಾರ ಅಂಗಡಿಯ ಒಡೆಯನದು. ಬರೆಯಲು ಮನಸ್ಸಾಗದೆ ವರ್ಷ ವರ್ಷವೂ ಬಾಕಿಯನ್ನು ಮುಂದಕ್ಕೆ ತಂದುಕೊಂಡು, ವಸೂಲಿಗಾಗಿ ಹೊಸ ಸಾಲ ಕೊಟ್ಟು ಕೈ ಸುಟ್ಟುಕೊಂಡವರ ಕಥೆ ಪ್ರತಿ ಪೇಟೆಯಲ್ಲಿಯೂ ಸಿಗುತ್ತದೆ.

ಆಟದಲ್ಲಿ ಅದಕ್ಕೆ ಪ್ರಸಿದ್ಧವಾದ ಉದಾಹರಣೆಯಿದೆ. 2011ರಲ್ಲಿ ಅಮೆರಿಕದ ಟೆಕ್ಸಾಸ್ ಓಪನ್ ಪಂದ್ಯದಲ್ಲಿ ಕೆವಿನ್ ನಾ ಎಂಬ ವೃತ್ತಿಪರ ಆಟಗಾರನು, ನಾಲ್ಕು ಹೊಡೆತಗಳಲ್ಲಿ ಮುಗಿಯಬೇಕಾದ ಒಂದು ಕುಳಿಗೆ 16 ಹೊಡೆತ ತೆಗೆದುಕೊಂಡನು. ಮೊದಲ ಚೆಂಡು ಮರಗಳ ನಡುವೆ ಹೋಯಿತು. ಆಡಲಾಗದ್ದೆಂದು ಸಾರಿ ಹಿಂದಿರುಗಿ ಹೊಡೆದ ಚೆಂಡೂ ಅಲ್ಲಿಗೇ ಹೋಯಿತು. ಆಮೇಲೆ ಅವನು ಆ ಗಿಡಗಂಟಿಗಳ ನಡುವೆಯೇ ಹೋರಾಡಿದನು. ಇದರಲ್ಲಿ ಹೆಚ್ಚು ಗಮನಾರ್ಹವಾದ ಸಂಗತಿ ಅನಂತರದ್ದು. ಎಷ್ಟು ಹೊಡೆದನೆಂಬುದು ಅವನಿಗೇ ನಿಶ್ಚಯವಿರಲಿಲ್ಲ. ಹದಿನೈದೆಂದು ಎಣಿಸಿದ್ದವನು ಚಿತ್ರೀಕರಣವನ್ನು ನೋಡಿದ ಮೇಲೆ ಹದಿನಾರೆಂದು ಬರೆಯಿಸಿದನು. ಹದಿನೈದಕ್ಕೂ ಹದಿನಾರಕ್ಕೂ ಅವನ ಸೋಲಿನಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ದಂಡವೆಂಬ ಶಬ್ದ ಕಿವಿಗೆ ಬಿದ್ದೊಡನೆ ಮನಸ್ಸು ಅಪರಾಧದ ಕಡೆಗೆ ಓಡುತ್ತದೆ. ಗೆಳೆಯರು ಬಿಡಿ ಎನ್ನುವುದಕ್ಕೂ ಇದೇ ಕಾರಣ. ಪೊದೆಗೆ ಬಿದ್ದುದರಲ್ಲಿ ಅವನ ತಪ್ಪೇನಿದೆ ಎಂದು ಅವರಿಗೆ ತೋರುತ್ತದೆ. ಆದರೆ ಗಾಲ್ಫಿನ ಅತ್ಯಂತ ಹಳೆಯ ಲಿಖಿತ ನಿಯಮಗಳನ್ನು ನೋಡಿದರೆ ಈ ಭ್ರಮೆ ಕಳೆಯುತ್ತದೆ. 1744ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಬಳಿಯ ಲೀತ್ ಎಂಬಲ್ಲಿ ಆಟಗಾರರು 13 ನಿಯಮಗಳನ್ನು ಬರೆದಿಟ್ಟರು. ಚೆಂಡು ನೀರಿಗೆ ಬಿದ್ದರೆ ಅದನ್ನು ತೆಗೆದು ಹಿಂದಕ್ಕೆ ತಂದು ಆಡಬಹುದು, ಆದರೆ ಎದುರಾಳಿಗೆ ಒಂದು ಹೊಡೆತ ಬಿಟ್ಟುಕೊಡಬೇಕು ಎಂದು ಅಲ್ಲಿದೆ. ಚೆಂಡು ಕಳೆದುಹೋದರೆ ಹಿಂದಿನ ಜಾಗಕ್ಕೆ ಮರಳಬೇಕು, ಆ ದುರದೃಷ್ಟಕ್ಕಾಗಿ ಎದುರಾಳಿಗೆ ಒಂದು ಹೊಡೆತ ಕೊಡಬೇಕು ಎಂದಿದೆ. ನಿಯಮ ಬರೆದವರೇ ಅದನ್ನು ದುರದೃಷ್ಟವೆಂದು ಕರೆದರು, ತಪ್ಪೆನ್ನಲಿಲ್ಲ. ಎದುರಾಳಿಯು ತನ್ನ ಚೆಂಡನ್ನು ಬಿದ್ದಲ್ಲಿಂದಲೇ ಆಡುತ್ತಿರುವಾಗ ಇವನು ಅನುಕೂಲವಾದ ಜಾಗಕ್ಕೆ ಸರಿಯುತ್ತಾನೆ. ಆ ಸರಿಯುವಿಕೆಯ ಬೆಲೆಯನ್ನು ಎದುರಾಳಿಗೆ ಸಲ್ಲಿಸುತ್ತಾನೆ. ಆದ್ದರಿಂದ ಆಡಲಾಗದ ಚೆಂಡಿನ ದಂಡವು ಅಪರಾಧಕ್ಕೆ ಹಾಕಿದ ಜುಲ್ಮಾನೆಗಿಂತ ಪಡೆದ ಅನುಕೂಲಕ್ಕೆ ತೆತ್ತ ಕ್ರಯಕ್ಕೆ ಹತ್ತಿರವಾದುದು. ಅದನ್ನು ತೆರದೆ ಚೆಂಡನ್ನು ಸರಿಸುವುದೆಂದರೆ ಸರಕು ಒಯ್ದು ಹಣ ಕೊಡದಿರುವುದು.

ಅಪರಾಧದ ದಂಡ ಬೇರೆ ಇದೆ. ಚೆಂಡನ್ನು ಮುಟ್ಟಬಾರದ ಕಡೆ ಮುಟ್ಟಿದರೆ, ಅಲುಗಿಸಿದರೆ, ತಪ್ಪು ಜಾಗದಿಂದ ಆಡಿದರೆ ಸಂದರ್ಭಕ್ಕೆ ತಕ್ಕಂತೆ ಒಂದು ಅಥವಾ ಎರಡು ಹೊಡೆತ. ಇಲ್ಲಿಯೂ ಕಂಡು ಹೇಳುವವನು ಬಹುಮಟ್ಟಿಗೆ ಆಟಗಾರನೇ. 1925ರ ಅಮೆರಿಕ ಓಪನ್ ಪಂದ್ಯದ ಮೊದಲ ಸುತ್ತಿನಲ್ಲಿ ಬಾಬಿ ಜೋನ್ಸ್ ಹೊಡೆಯಲು ಅಣಿಯಾಗುತ್ತಿದ್ದಾಗ ಹುಲ್ಲಿನಲ್ಲಿದ್ದ ಚೆಂಡು ತುಸು ಅಲುಗಿತು. ಬೇರೆ ಯಾರೂ ನೋಡಲಿಲ್ಲ. ಅಧಿಕಾರಿಗಳು ವಿಚಾರಿಸಿ ತಮಗೆ ಕಾಣಲಿಲ್ಲವೆಂದರೂ ಅವನು ತನ್ನ ಮೇಲೆ ಒಂದು ಹೊಡೆತ ಹಾಕಿಕೊಂಡನು. ಕೊನೆಯಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ನೊಡನೆ ಸಮನಾಗಿ ನಿಂತು, ನಿರ್ಣಾಯಕ ಆಟದಲ್ಲಿ ಸೋತನು. ಆ ಒಂದು ಹೊಡೆತವಿಲ್ಲದಿದ್ದರೆ ಪ್ರಶಸ್ತಿ ನೇರವಾಗಿ ಅವನದಾಗುತ್ತಿತ್ತು. ಜನ ಹೊಗಳಿದಾಗ, ಕಳ್ಳತನ ಮಾಡಲಿಲ್ಲವೆಂದು ಯಾರನ್ನಾದರೂ ಹೊಗಳುವುದುಂಟೇ ಎಂಬರ್ಥದ ಮಾತಾಡಿದನೆಂದು ಪ್ರಸಿದ್ಧಿಯಿದೆ. 2010ರಲ್ಲಿ ಬ್ರಯನ್ ಡೇವಿಸ್ ಎಂಬ ಇಂಗ್ಲೆಂಡಿನ ಆಟಗಾರನು ಅಮೆರಿಕದ ಹಿಲ್ಟನ್ ಹೆಡ್‌ನಲ್ಲಿ ಜಿಮ್ ಫ್ಯೂರಿಕ್‌ನೊಡನೆ ನಿರ್ಣಾಯಕ ಆಟದಲ್ಲಿದ್ದಾಗ, ಕೋಲನ್ನು ಹಿಂದಕ್ಕೆ ಎತ್ತುವಾಗ ಒಂದು ಒಣಗಿದ ಜೊಂಡಿನ ಕಡ್ಡಿಗೆ ತಾಗಿತೆಂದು ತಾನೇ ಅಧಿಕಾರಿಯನ್ನು ಕರೆದು ಹೇಳಿದನು. ಎರಡು ಹೊಡೆತ ದಂಡ. ಪಂದ್ಯ ಅಲ್ಲಿಗೆ ಮುಗಿಯಿತು. ಅಂತಹ ಸಡಿಲ ಕಡ್ಡಿಗೆ ತಾಗಿದರೆ ದಂಡವೆಂಬ ನಿಯಮವೇ 2019ರಲ್ಲಿ ರದ್ದಾಯಿತು. ಇದನ್ನು ಕೇಳಿ ಡೇವಿಸ್ ಮೂರ್ಖನಾದನೆಂದು ನಗುವವರಿದ್ದಾರೆ. ನಿಯಮ ಬದಲಾಗುವುದು ಸಹಜ. ಆ ದಿನ ಜಾರಿಯಲ್ಲಿದ್ದ ನಿಯಮದಂತೆ ಆ ದಿನದ ಲೆಕ್ಕ. ಹಳೆಯ ಅಳತೆಯ ಕಾಲದ ಕ್ರಯಪತ್ರವನ್ನು ಹೊಸ ಅಳತೆಯಿಂದ ತಿದ್ದುವವರಿಲ್ಲ.

ಈಗ ನಾಲ್ವರು ಗೆಳೆಯರ ಪ್ರಶ್ನೆಗೆ ಮರಳಬಹುದು. ಸ್ವತಃ ದಂಡ ಹಾಕಿಕೊಳ್ಳುವುದು ಒಂದು ವಿಷಯ. ಇನ್ನೊಬ್ಬರ ದಂಡವನ್ನು ಮನ್ನಾ ಮಾಡುವುದು ಬೇರೊಂದು. ಗಾಲ್ಫಿನ ನಿಯಮಾವಳಿಯು ಈ ಎರಡನೆಯದರ ಬಗ್ಗೆ ಬಹಳ ಸೂಕ್ಷ್ಮವಾದ ಭೇದವನ್ನು ಮಾಡಿದೆ. ಆಟದ ಕ್ರಮಗಳು ಮುಖ್ಯವಾಗಿ ಎರಡು. ಮ್ಯಾಚ್ ಪ್ಲೇ ಎಂಬುದರಲ್ಲಿ ಇಬ್ಬರೇ ಎದುರುಬದುರಾಗಿ ಕುಳಿ ಕುಳಿಗೂ ಸೋಲುಗೆಲುವು ನಿರ್ಣಯಿಸುತ್ತಾರೆ. ಸ್ಟ್ರೋಕ್ ಪ್ಲೇ ಎಂಬುದರಲ್ಲಿ ಸುತ್ತಿನ ಒಟ್ಟು ಹೊಡೆತಗಳನ್ನು ಎಣಿಸಿ ಎಲ್ಲ ಸ್ಪರ್ಧಿಗಳನ್ನೂ ಹೋಲಿಸುತ್ತಾರೆ. ಮ್ಯಾಚ್ ಪ್ಲೇಯಲ್ಲಿ ಎದುರಾಳಿಯು ನಿಯಮ ಮುರಿದದ್ದನ್ನು ಕಂಡರೂ ಆಟಗಾರನು ಸುಮ್ಮನಿರಲು ಸ್ವತಂತ್ರನು. ಎದುರಾಳಿಯ ಮುಂದಿನ ಹೊಡೆತವನ್ನೋ ಇಡೀ ಕುಳಿಯನ್ನೋ ಬಿಟ್ಟುಕೊಡುವುದೂ ನಿಯಮಬದ್ಧವೇ. ಆದರೆ ಅದೇ ಇಬ್ಬರು ಸೇರಿ, ದಂಡ ಅನ್ವಯಿಸುತ್ತದೆಂದು ತಿಳಿದೂ ಅದನ್ನು ಹಿಡಿಯುವುದು ಬೇಡವೆಂದು ಮಾತಾಡಿಕೊಂಡರೆ ಇಬ್ಬರೂ ಆಟದಿಂದ ಹೊರಕ್ಕೆ. ಸ್ಟ್ರೋಕ್ ಪ್ಲೇಯಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಇಲ್ಲ.

ಮೇಲ್ನೋಟಕ್ಕೆ ಇದು ವಿಚಿತ್ರವೆನಿಸಬಹುದು. ಒಬ್ಬನು ಮೌನವಾಗಿ ಕ್ಷಮಿಸಿದರೆ ಸರಿ, ಇಬ್ಬರು ಮಾತಾಡಿ ಕ್ಷಮಿಸಿದರೆ ತಪ್ಪು, ನೂರು ಜನರಿರುವ ಆಟದಲ್ಲಿ ಯಾರೂ ಕ್ಷಮಿಸುವಂತಿಲ್ಲ. ಆದರೆ ಕ್ಷಮೆಯ ಖರ್ಚು ಯಾರ ಖಾತೆಗೆ ಬೀಳುತ್ತದೆಂದು ನೋಡಿದರೆ ವಿಚಿತ್ರವೇನೂ ಉಳಿಯುವುದಿಲ್ಲ. ಇಬ್ಬರ ಆಟದಲ್ಲಿ ಎದುರಾಳಿಯ ದಂಡವನ್ನು ಬಿಟ್ಟುಬಿಟ್ಟವನು ಕಳೆದುಕೊಳ್ಳುವುದು ತನ್ನದನ್ನೇ. ಆದ್ದರಿಂದ ಅವನು ಉದಾರಿ. ಇಬ್ಬರು ಒಪ್ಪಂದ ಮಾಡಿಕೊಂಡಾಗ ಒಬ್ಬನು ಕೊಟ್ಟದ್ದಕ್ಕೆ ಇನ್ನೊಬ್ಬನು ಹಿಂತಿರುಗಿಸುವ ಲೇವಾದೇವಿ ಆರಂಭವಾಗುತ್ತದೆ. ಅಲ್ಲಿ ಔದಾರ್ಯ ಉಳಿಯದು. ಅನೇಕರ ಆಟದಲ್ಲಿ ಒಬ್ಬನಿಗೆ ಬಿಟ್ಟ ಹೊಡೆತವು ದೂರದ ಕುಳಿಯಲ್ಲಿ ಆಡುತ್ತಿರುವ, ಈ ಸಂಗತಿ ಗೊತ್ತೇ ಇಲ್ಲದ ಇತರರಿಂದ ಕಿತ್ತುಕೊಟ್ಟದ್ದಾಗುತ್ತದೆ. ತನ್ನ ಗಂಟಿನಿಂದ ಕೊಟ್ಟರೆ ದಾನ. ಪರರ ಗಂಟಿನಿಂದ ಕೊಟ್ಟದ್ದಕ್ಕೆ ಬೇರೆ ಹೆಸರಿದೆ.

ದೇವಾಲಯಗಳ ಟ್ರಸ್ಟುಗಳಲ್ಲಿ ಕುಳಿತವರಿಗೆ ಈ ಭೇದ ನಿತ್ಯದ ಅನುಭವ. ಬಸದಿಗೆ ಸೇರಿದ ಅಂಗಡಿಯ ಬಾಡಿಗೆ ಹಲವು ತಿಂಗಳಿಂದ ಬಾಕಿಯಿದೆ. ಬಾಡಿಗೆದಾರನು ಪರಿಚಿತನು, ಕಷ್ಟದಲ್ಲಿದ್ದಾನೆ. "ಪಾಪ, ಬಿಟ್ಟುಬಿಡೋಣ" ಎಂದು ಒಬ್ಬ ಸದಸ್ಯರು ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ. ಅದೇ ಸದಸ್ಯರು ತಮ್ಮ ಸ್ವಂತ ಮಳಿಗೆಯ ಬಾಡಿಗೆಯನ್ನು ಬಿಟ್ಟಿದ್ದರೆ ಅದು ಕರುಣೆ. ದೇವದ್ರವ್ಯವನ್ನು ಬಿಡಲು ಅವರು ಒಡೆಯರಲ್ಲ, ರಕ್ಷಕರು. ನಿಜವಾಗಿಯೂ ಕರುಣೆ ಉಕ್ಕಿದರೆ ಸದಸ್ಯರು ತಮ್ಮ ಜೇಬಿನಿಂದ ಆ ಬಾಕಿಯನ್ನು ಕಟ್ಟಿ ರಸೀದಿ ಹಾಕಿಸಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹಾಸನ ಜಿಲ್ಲೆಯ ಎಷ್ಟೋ ಶಾಸನಗಳು ದತ್ತಿಯನ್ನು ಕೆಡಿಸುವವರ ಮೇಲೆ ಶಾಪವನ್ನು ಕೆತ್ತಿಸಿವೆ. ಕೆಡಿಸುವವರು ಕಳ್ಳರೇ ಆಗಿರಬೇಕೆಂದಿಲ್ಲ, ಮೃದು ಹೃದಯದವರೂ ಆಗಿರಬಹುದೆಂಬುದನ್ನು ಆ ಕಾಲದವರು ತಿಳಿದಿದ್ದರೋ ಏನೋ.

ಇದಕ್ಕೆ ಎದುರಾಗಿ ಒಂದು ಆಕ್ಷೇಪ ಬರಬಹುದು. 1980ರಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಭಾರತದ ನಾಯಕರಾಗಿದ್ದವರು ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್. ಬಾಬ್ ಟೇಲರ್ ಔಟ್ ಎಂದು ಅಂಪೈರ್ ತೀರ್ಪಿತ್ತ ಮೇಲೆ ವಿಶ್ವನಾಥ್ ಅವರನ್ನು ಹಿಂದಕ್ಕೆ ಕರೆಸಿದರು. ಟೇಲರ್ ಮತ್ತು ಬಾಥಮ್ ಆ ಜೊತೆಯಾಟದಲ್ಲಿ 171 ರನ್ ಕೂಡಿಸಿದರು; ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ನಾಯಕರು ತಂಡದ ಗಂಟನ್ನು ದಾನ ಮಾಡಿದಂತಾಗಲಿಲ್ಲವೇ? ಆಗಲಿಲ್ಲ. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಆ ವಿಕೆಟ್ ಭಾರತದ್ದೇ ಆಗಿರಲಿಲ್ಲ. ತಪ್ಪಾಗಿ ತಮ್ಮ ಖಾತೆಗೆ ಜಮೆಯಾದದ್ದನ್ನು ಹಿಂತಿರುಗಿಸಿದರು. ಟ್ರಸ್ಟಿನ ಅಧ್ಯಕ್ಷರಾದವರು ಹೆಚ್ಚು ಬಂದ ಹಣವನ್ನು ಮರಳಿಸಲೇಬೇಕು; ಬರಬೇಕಾದ ಹಣವನ್ನು ಬಿಡುವಂತಿಲ್ಲ. ಎರಡೂ ಒಂದೇ ನಿಯಮದ ಎರಡು ಮುಖಗಳು.

ಹಾಗಾದರೆ ಬಹುಮಾನವಿಲ್ಲದ, ನಾಲ್ವರಿಗೆ ಹೊರತು ಇನ್ನಾರಿಗೂ ಸಂಬಂಧವಿಲ್ಲದ ಭಾನುವಾರದ ಆಟದಲ್ಲಿ? ಅಲ್ಲಿ ಕಳೆದುಕೊಳ್ಳುವವರು ಆ ನಾಲ್ವರೇ. ಅವರೆಲ್ಲರೂ ಒಪ್ಪಿದರೆ ಮನ್ನಾ ಮಾಡಲು ಅಡ್ಡಿಯೇನು? ಇಲ್ಲಿ ಕಠೋರವಾಗುವುದು ಸರಿಯಲ್ಲ. ಆಟ ಆರಂಭಿಸುವ ಮೊದಲೇ, ಇಂತಿಂತಹ ಕಡೆ ದಂಡವಿಲ್ಲವೆಂದು ಎಲ್ಲರಿಗೂ ಸಮಾನವಾಗಿ ಗೊತ್ತುಪಡಿಸಿಕೊಂಡರೆ ಅದು ಅವರ ಮನೆಯ ಆಟ, ಅದರಲ್ಲಿ ಸುಳ್ಳಿಲ್ಲ. ನಿಯಮ ರೂಪಿಸುವವರೂ ಇಂತಹ ಸೌಮ್ಯತೆಗೆ ಬಾಗಿಲು ತೆರೆದಿದ್ದಾರೆ. ಮಳೆಯಿಂದ ಅಲ್ಲಲ್ಲಿ ನಿಂತ ತಾತ್ಕಾಲಿಕ ನೀರಿನಿಂದ ಚೆಂಡನ್ನು ದಂಡವಿಲ್ಲದೆ ಸರಿಸಬಹುದು. ಮಳೆಗಾಲದಲ್ಲಿ ಫೇರ್‌ವೇ ಕೆಸರಾಗಿದ್ದರೆ ಚೆಂಡನ್ನು ಎತ್ತಿ ಒರಸಿ ಇಡಬಹುದೆಂದು ಕ್ಲಬ್ಬಿನ ಸಮಿತಿ ಸ್ಥಳೀಯ ನಿಯಮ ಹಾಕಬಹುದು. ಚೆಂಡು ಕಳೆದರೆ ಹಿಂದಕ್ಕೆ ನಡೆಯುವ ಬದಲು ಎರಡು ಹೊಡೆತ ದಂಡ ತೆತ್ತು ಅದು ಕಳೆದ ಜಾಗದ ಆಸುಪಾಸಿನಿಂದಲೇ ಮುಂದುವರಿಯಬಹುದೆಂಬ ಒಂದು ಐಚ್ಛಿಕ ಸ್ಥಳೀಯ ನಿಯಮವನ್ನು 2019ರಿಂದ ಕೊಡಲಾಗಿದೆ; ಅದು ದೊಡ್ಡ ಸ್ಪರ್ಧೆಗಳಿಗಲ್ಲ, ಸಾಮಾನ್ಯರ ವಿರಾಮದ ಆಟಕ್ಕೆಂದೇ ರೂಪಿಸಿದ್ದು. ಈ ಸೌಮ್ಯತೆಗಳೆಲ್ಲಕ್ಕೂ ಒಂದು ಲಕ್ಷಣವುಂಟು: ಚೆಂಡು ಪೊದೆಗೆ ಬೀಳುವುದಕ್ಕೆ ಮೊದಲೇ ಅವು ಗೊತ್ತಾಗಿರುತ್ತವೆ. ಬಿದ್ದ ಮೇಲೆ, ಬಿದ್ದವನ ಮುಖ ನೋಡಿ ಹುಟ್ಟುವ ನಿಯಮ ಬೇರೆ ಜಾತಿಯದು. ಕ್ಲಬ್ಬಿನ ಹಿರಿಯ ಸದಸ್ಯನ ಚೆಂಡಿಗೆ ಬೇಗ ಹುಟ್ಟುವ ಕರುಣೆ ಹೊಸಬನ ಚೆಂಡಿಗೆ ತಡವಾಗಿ ಹುಟ್ಟುತ್ತದೆ.

ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲಾದ ಆಲೋಚನೆಗೆ, ಅಂದರೆ ಗುರುವಿನ ಮುಂದೆ ತನ್ನ ದೋಷವನ್ನು ಮುಚ್ಚಿಡದೆ ನಿವೇದಿಸುವುದಕ್ಕೆ, ಭಗವತೀ ಆರಾಧನೆ ಮೊದಲಾದ ಗ್ರಂಥಗಳು ಹತ್ತು ದೋಷಗಳನ್ನು ಹೇಳುತ್ತವೆ. ಅವುಗಳಲ್ಲಿ ಎರಡು ಈ ಪ್ರಸಂಗಕ್ಕೆ ನೇರವಾಗಿ ಹೊಂದುತ್ತವೆ. ಇತರರು ಕಂಡ ತಪ್ಪುಗಳನ್ನು ಮಾತ್ರ ಹೇಳಿ ಕಾಣದವನ್ನು ಬಿಡುವುದು ದೃಷ್ಟದೋಷ. ಅಂತಹುದೇ ತಪ್ಪನ್ನು ತಾನೂ ಮಾಡಿರುವವನ ಬಳಿಗೆ ಹೋಗಿ, ಅವನು ಕಠಿಣನಾಗಲಾರನೆಂಬ ಭರವಸೆಯಿಂದ ಹೇಳಿಕೊಳ್ಳುವುದು ತತ್ಸೇವೀ ದೋಷ. ಪೊದೆಯ ಬಳಿ "ಹೋಗಲಿ ಬಿಡಿ" ಎಂದ ಗೆಳೆಯನ ಚೆಂಡು ಹಿಂದಿನ ವಾರ ಇನ್ನೊಂದು ಪೊದೆಯಲ್ಲಿತ್ತು, ಅಥವಾ ಮುಂದಿನ ವಾರ ಇರಲಿದೆ. ಶ್ರಮಣಸಂಘಕ್ಕಾಗಿ ಬರೆದ ಮಾತನ್ನು ಗಾಲ್ಫ್ ಮೈದಾನಕ್ಕೆ ತರುವುದು ಕೆಲವರಿಗೆ ಹಗುರವೆನಿಸಬಹುದು. ಆದರೆ ಮನಸ್ಸು ತಪ್ಪಿಸಿಕೊಳ್ಳುವ ದಾರಿಗಳು ಎಲ್ಲ ಕಡೆಯೂ ಒಂದೇ. ಹಿಂದಿನ ಹೊಡೆತದ ಜಾಗಕ್ಕೆ ಮರಳಿ ಆಡುವ ಮೊದಲ ಮಾರ್ಗವನ್ನು ಓದಿದಾಗ ಪ್ರತಿಕ್ರಮಣವೆಂಬ ಶಬ್ದದ ಮೂಲಾರ್ಥ ಹಿಂದಿರುಗುವುದು ಎಂಬುದು ನೆನಪಾಗದಿರದು. ಆ ಹೋಲಿಕೆಯನ್ನು ಅದಕ್ಕಿಂತ ಹೆಚ್ಚು ಎಳೆಯುವುದು ಬೇಡ.

ನಿಜವಾದ ಕಷ್ಟ ಆಟ ಮುಗಿದ ಮೇಲೆ, ಲೆಕ್ಕದ ಚೀಟಿಯ ಮುಂದೆ ಬರುತ್ತದೆ. ಗಾಲ್ಫಿನಲ್ಲಿ ಪ್ರತಿಯೊಬ್ಬನಿಗೂ ಹ್ಯಾಂಡಿಕ್ಯಾಪ್ ಎಂಬ ಒಂದು ಅಂಕೆಯಿರುತ್ತದೆ. ದುರ್ಬಲನೂ ಪ್ರಬಲನೂ ಸಮವಾಗಿ ಆಡಲೆಂದು ದುರ್ಬಲನಿಗೆ ಕೆಲವು ಹೊಡೆತಗಳ ರಿಯಾಯಿತಿ ಕೊಡುವ ಏರ್ಪಾಡು ಅದು. 2020ರಿಂದ ಬಳಕೆಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಈಚಿನ 20 ಸುತ್ತುಗಳಲ್ಲಿ ಉತ್ತಮವಾದ 8ರ ಸರಾಸರಿಯಿಂದ ಆ ಅಂಕೆಯನ್ನು ಲೆಕ್ಕ ಹಾಕುತ್ತಾರೆ. ಸ್ಪರ್ಧೆಯಲ್ಲದ ದಿನದ ಆಟವನ್ನೂ, ನಿಯಮಬದ್ಧವಾಗಿ ಆಡಿದ್ದರೆ, ಇದಕ್ಕೆ ಸಲ್ಲಿಸಬಹುದು. ಪೊದೆಯ ಬಳಿ ಮನ್ನಾ ಆದ ಹೊಡೆತವು ಇಲ್ಲಿಗೆ ಬಂದರೆ ಅದು ನಾಲ್ವರ ವಿಷಯವಾಗಿ ಉಳಿಯುವುದಿಲ್ಲ. ಮುಂದೆ ಅವನೊಡನೆ ಆಡುವ ಪ್ರತಿಯೊಬ್ಬನ ಖಾತೆಗೂ ಅದು ತಾಗುತ್ತದೆ. ಕಡಿಮೆ ಬರೆದವನು ಇಲ್ಲದ ಪರಿಣತಿಯನ್ನು ಮೆರೆಯುತ್ತಾನೆ. ಇದಕ್ಕೆ ವಿರುದ್ಧವಾಗಿ, ಹೆಚ್ಚು ರಿಯಾಯಿತಿ ಸಿಗಲೆಂದು ಬೇಕೆಂದೇ ಹೊಡೆತಗಳನ್ನು ಹೆಚ್ಚಿಸಿ ಬರೆಯುವವರೂ ಇದ್ದಾರೆ. ಒಬ್ಬನೇ ಮನುಷ್ಯ ಮಾತಿನಲ್ಲಿ ಕಡಿಮೆ, ಕ್ಲಬ್ಬಿನ ಪುಸ್ತಕದಲ್ಲಿ ಹೆಚ್ಚು ಹೇಳುವುದೂ ಉಂಟು. ಕೊಳ್ಳುವಾಗ ಒಂದು ತೂಕದ ಕಲ್ಲು, ಮಾರುವಾಗ ಇನ್ನೊಂದು ಇಟ್ಟುಕೊಳ್ಳುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂದು ಎಣಿಸಿದ್ದಾರೆ. ಸುಳ್ಳು ಬರಹಕ್ಕೆ, ಕೂಟಲೇಖಕ್ರಿಯೆಗೆ, ಸತ್ಯಾಣುವ್ರತದ ಅತಿಚಾರಗಳಲ್ಲಿ ಪ್ರತ್ಯೇಕವಾದ ಸ್ಥಾನವಿದೆ. ಮೈದಾನದಲ್ಲಿ ಚೆಂಡು ಎತ್ತಿಟ್ಟದ್ದು ಆಟದ ಸಡಿಲಿಕೆಯಾಗಿರಬಹುದು. ಚೀಟಿಯಲ್ಲಿ ಬರೆದು ಸಹಿ ಹಾಕಿದ ಮೇಲೆ ಅದು ದಾಖಲೆ.

ಇಷ್ಟೆಲ್ಲದರ ನಡುವೆ ಒಬ್ಬನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೀಲ ಹೊತ್ತು ಹಿಂದೆ ಬರುವ ಕ್ಯಾಡಿಗೆ ಚೆಂಡು ಎಲ್ಲಿತ್ತು, ಎಲ್ಲಿಗೆ ಬಂತು, ಕಾಲಿನಿಂದ ಸರಿಯಿತೋ ಕೈಯಿಂದಲೋ, ಕಳೆದ ಚೆಂಡು ಸಿಕ್ಕಿತೋ ಜೇಬಿನಿಂದ ಜಾರಿತೋ ಎಲ್ಲವೂ ಗೊತ್ತು. ಕೂಲಿ ಕೊಡುವವರ ವಿಷಯವಾದ್ದರಿಂದ ಅವನು ಮಾತಾಡುವುದಿಲ್ಲ. ಅಂಗಡಿಯ ಒಡೆಯನ ಎರಡನೆಯ ಲೆಕ್ಕದ ಪುಸ್ತಕವನ್ನು ಗುಮಾಸ್ತನು ಬಲ್ಲಂತೆ ಅವನೂ ಬಲ್ಲನು. ಸಾಕ್ಷಿಯಿಲ್ಲದ ಆಟವೆಂದು ಗಾಲ್ಫನ್ನು ಹೊಗಳುವವರು ಇವನನ್ನು ಮರೆತು ಮಾತಾಡುತ್ತಾರೆ.

ಕೊನೆಗೆ ಉಳಿಯುವುದು ವಯಸ್ಸಾದವರ ಮತ್ತು ಮಕ್ಕಳ ಆಟ. ಎಪ್ಪತ್ತು ದಾಟಿದ ಅಜ್ಜ ಮೊಮ್ಮಗನೊಡನೆ ಬೆಳಗಿನ ಹೊತ್ತು ಒಂಬತ್ತು ಕುಳಿ ಆಡುತ್ತಾನೆ. ಅಜ್ಜನ ಚೆಂಡು ಮರದ ಬೇರುಗಳ ನಡುವೆ ನಿಲ್ಲುತ್ತದೆ. ಹಿಂದಕ್ಕೆ ನಡೆಯಲು ಅವನ ಮೊಣಕಾಲಿಗೆ ಆಗದು. ಮೊಮ್ಮಗನು ಚೆಂಡನ್ನು ಹುಲ್ಲಿನ ಮೇಲೆ ತಂದಿಟ್ಟು, "ಹೊಡೀರಿ ಅಜ್ಜ" ಎನ್ನುತ್ತಾನೆ. ಇಲ್ಲಿ ದಂಡದ ಮಾತೆತ್ತುವವನು ನಿಯಮವನ್ನು ಬಲ್ಲವನಾದರೂ ಮನುಷ್ಯರನ್ನು ಬಲ್ಲವನಲ್ಲ. ಮನೆಗೆ ಬಂದ ಮೇಲೆ ಇವತ್ತು ಎಷ್ಟಾಯಿತೆಂದು ಯಾರಾದರೂ ಕೇಳಿದರೆ, ಇವತ್ತು ಎಣಿಸಲಿಲ್ಲ ಎಂದು ಅಜ್ಜ ಹೇಳಬಹುದು.